ಪಟ್ಟ ತಪ್ಪಿದ ಮಗಳು



ಅರವತ್ತು ದಾಟಿದರೂ ರಾಜರ ಕಥೆಯ ಗೀಳು ನನ್ನನ್ನು ಬಿಟ್ಟಿಲ್ಲ. ಮಗಳು ತಂದುಕೊಟ್ಟ ಜಾರ್ಜ್ ಮಾರ್ಟಿನ್ನರ ‘ಫೈರ್ ಅಂಡ್ ಬ್ಲಡ್’ (2018) ಎಂಬ ಕಲ್ಪಿತ ರಾಜಚರಿತ್ರೆಯನ್ನು ಡ್ರ್ಯಾಗನ್ನುಗಳ ಆಸೆಗೆ ಹಿಡಿದೆ. ಮನಸ್ಸಿನಲ್ಲಿ ನಿಂತವಳು ರೆನೀರಾ. ತಂದೆಯೇ ಉತ್ತರಾಧಿಕಾರಿಯೆಂದು ಸಾರಿದ್ದ ಮಗಳು. ಆತ ಕಣ್ಮುಚ್ಚಿದೊಡನೆ ಕಿರೀಟ ಮಲತಮ್ಮನ ತಲೆಗೇರಿತು.

ಇದರ ಬೇರು ಇಂಗ್ಲೆಂಡಿನ ಇತಿಹಾಸದಲ್ಲಿದೆ. ಒಂದನೆಯ ಹೆನ್ರಿಯ ಔರಸಪುತ್ರ 1120ರಲ್ಲಿ ಹಡಗು ಮುಳುಗಿ ಸತ್ತ. ಮಗಳು ಮಟಿಲ್ಡಾಳೇ ಮುಂದಿನ ಒಡೆಯಳೆಂದು ಅರಸನು ಸರದಾರರಿಂದ ಆಣೆ ಮಾಡಿಸಿದ. 1135ರಲ್ಲಿ ಅವನು ತೀರಿಕೊಂಡ ತಿಂಗಳೇ, ಆಣೆಯಿಟ್ಟವರಲ್ಲೊಬ್ಬನಾದ ಸೋದರಳಿಯ ಸ್ಟೀಫನ್ ಪಟ್ಟವೇರಿದ! ಮಾರ್ಟಿನ್ನರ ರಾಣಿಯನ್ನು ಡ್ರ್ಯಾಗನ್ ತಿನ್ನುತ್ತದೆ. ಮಟಿಲ್ಡಾ ಮಾತ್ರ 1142ರ ಚಳಿಗಾಲದಲ್ಲಿ, ಮುತ್ತಿಗೆಗೆ ಸಿಕ್ಕಿದ ಆಕ್ಸ್‌ಫರ್ಡ್ ಕೋಟೆಯಿಂದ ಬಿಳಿಯುಡುಗೆ ತೊಟ್ಟು, ಹೆಪ್ಪುಗಟ್ಟಿದ ನದಿ ದಾಟಿ ಪಾರಾದಳು. ಈ ಪ್ರಸಂಗವನ್ನು ಎಷ್ಟು ಸಲ ಓದಿದೆನೋ! ಆದರೂ ಪಟ್ಟಾಭಿಷೇಕ ಅವಳಿಗಾಗಲಿಲ್ಲ, 1154ರಲ್ಲಿ ಮಗನಿಗಾಯಿತು. ಅವಳನ್ನು ಅಹಂಕಾರಿಯೆಂದು ಬರೆದವರುಂಟು. ಗಂಡಸಾಗಿದ್ದರೆ ಅದೇ ರಾಜಗಾಂಭೀರ್ಯವಾಗುತ್ತಿತ್ತೇನೋ.

ಮದುವೆಯಾಗಿ ಮುಂಬಯಿಗೆ ಬಂದವಳು ನಾನು. ಅಪ್ಪ ತೀರಿಕೊಂಡಾಗ ಊರಿಗೆ ಹೋಗಿ, ಓದದೆಯೇ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿ, ಅಣ್ಣ ಕೊಟ್ಟ ಸೀರೆಯುಟ್ಟು ರೈಲು ಹತ್ತಿದೆ. ಈಚೆಗೆ ಇದನ್ನು ಹೇಳಿದಾಗ ಮಗಳು ಕೇಳಿದಳು: “ಅಮ್ಮಾ, ಅಷ್ಟೆಲ್ಲ ಓದುವವಳು ಅದೊಂದನ್ನೇಕೆ ಓದಲಿಲ್ಲ?”