ಸಣ್ಣ ಚಿಕಿತ್ಸಾಲಯವೂ ಆಮದಿನ ಸುಂಕವೂ



ಸುಂಕವೆಂದೊಡನೆ ನಮ್ಮ ಕಣ್ಣಮುಂದೆ ಬಂದರು, ಹಡಗು, ಉಗ್ರಾಣಗಳು ತೋರುತ್ತವೆಯೇ ಹೊರತು, ಹೋಬಳಿಯ ಪೇಟೆಬೀದಿಯಲ್ಲಿ ಎರಡು ಕೋಣೆಗಳಲ್ಲಿ ನಡೆಯುವ ವೈದ್ಯರ ಚಿಕಿತ್ಸಾಲಯವು ತೋರುವುದಿಲ್ಲ. ಆದರೆ ಆ ಕೋಣೆಯಲ್ಲಿರುವ ಇ.ಸಿ.ಜಿ. ಯಂತ್ರ, ರಕ್ತಕಣಗಳನ್ನು ಎಣಿಸುವ ಯಂತ್ರ, ಅದಕ್ಕೆ ಬೇಕಾದ ದ್ರವ್ಯ, ಇವುಗಳಲ್ಲಿ ಎಷ್ಟೋ ಪಾಲು ಸಮುದ್ರವನ್ನು ದಾಟಿ ಬಂದುದೇ. ಸೂಜಿ, ಪಿಚಕಾರಿಗಳನ್ನು ನಮ್ಮ ದೇಶವು ತಾನೇ ಹೇರಳವಾಗಿ ಮಾಡಿಕೊಳ್ಳುತ್ತದೆ. ಸೂಕ್ಷ್ಮಯಂತ್ರಗಳ ವಿಷಯದಲ್ಲಿ ಮಾತ್ರ ಇಂದಿಗೂ ಬಹುಮಟ್ಟಿಗೆ ಪರದೇಶಗಳನ್ನು ನೆಚ್ಚಿಕೊಂಡಿದೆ.

೨೦೨೦ನೆಯ ಇಸವಿಯ ಫೆಬ್ರವರಿಯ ಆಯವ್ಯಯದಲ್ಲಿ ಕೇಂದ್ರ ಸರ್ಕಾರವು ಆಮದಾಗುವ ಅನೇಕ ವೈದ್ಯಕೀಯ ಉಪಕರಣಗಳ ಮೇಲೆ, ಮೊದಲೇ ಇದ್ದ ಸುಂಕದ ಜೊತೆಗೆ, ನೂರಕ್ಕೆ ೫ರಂತೆ ಆರೋಗ್ಯ ಸೆಸ್ಸನ್ನು ವಿಧಿಸಿತು. ದೇಶದ ತಯಾರಕರಿಗೆ ಆಸರೆಯಾಗಲಿ, ಬಂದ ಹಣವು ಹಿಂದುಳಿದ ಜಿಲ್ಲೆಗಳ ಆಸ್ಪತ್ರೆಗಳಿಗೆ ಸಲ್ಲಲಿ ಎಂಬುದು ಉದ್ದೇಶ. ಆ ಉದ್ದೇಶವನ್ನು ನಾನು ಹಳಿಯಲಾರೆನು. ಅದರ ಭಾರವು ಕಟ್ಟಕಡೆಗೆ ಯಾರ ಹೆಗಲನ್ನು ಸೇರುತ್ತದೆಂಬುದನ್ನಷ್ಟೇ ನೋಡೋಣ.

ನೂರು ರೂಪಾಯಿಯ ಒಂದು ಉಪಕರಣಕ್ಕೆ ಏಳೂವರೆ ರೂಪಾಯಿ ಸುಂಕವೂ ಐದು ರೂಪಾಯಿ ಸೆಸ್ಸೂ ಬಿದ್ದುವೆಂದು ಇಟ್ಟುಕೊಳ್ಳಿರಿ. ಅದು ೧೧೨ ರೂಪಾಯಿ ೫೦ ಪೈಸೆಯಾಯಿತು. ಆಮದುಗಾರನೂ ಅವನ ಮುಂದಿನ ವರ್ತಕನೂ ತಮ್ಮ ತಮ್ಮ ಲಾಭವನ್ನು ಲೆಕ್ಕ ಹಾಕುವುದು ಮೊದಲಿನ ನೂರರ ಮೇಲಲ್ಲ, ಈ ೧೧೨ ರೂಪಾಯಿ ೫೦ ಪೈಸೆಯ ಮೇಲೆ. ಹೀಗೆ ಸುಂಕಕ್ಕೂ ಲಾಭ ಸೇರುತ್ತದೆ. ವೈದ್ಯನ ಕೈಗೆ ಬರುವ ಬಿಲ್ಲಿನಲ್ಲಿ ಸುಂಕವೆಂಬ ಮಾತೇ ಇರುವುದಿಲ್ಲ. ಅದು ಬೆಲೆಯೊಳಗೆ ಕರಗಿಹೋಗಿರುತ್ತದೆ.

ಇದರ ಮೇಲೆ ಸರಕು ಮತ್ತು ಸೇವಾ ತೆರಿಗೆಯ ಒಂದು ವಿಚಿತ್ರವುಂಟು. ವೈದ್ಯಸೇವೆಗೆ ಈ ತೆರಿಗೆಯ ವಿನಾಯಿತಿಯಿದೆ. ರೋಗಿಗೆ ಅದು ಉಪಕಾರವೇ. ಆದರೆ ತೆರಿಗೆಯನ್ನು ವಸೂಲು ಮಾಡದವನಿಗೆ, ತಾನು ಕೊಂಡ ಸಾಮಗ್ರಿಯ ಮೇಲೆ ತೆತ್ತ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಹಕ್ಕೂ ಇಲ್ಲ. ಬಟ್ಟೆಯ ಅಂಗಡಿಯವನು ತಾನು ತೆತ್ತುದನ್ನು ಮುಂದಿನವನಿಗೆ ದಾಟಿಸುವನು. ವೈದ್ಯನಲ್ಲಿಗೆ ಬಂದುದು ಅಲ್ಲಿಯೇ ನಿಲ್ಲುವುದು. ೨೦೨೫ನೆಯ ಸೆಪ್ಟೆಂಬರ್ ೨೨ರಿಂದ ಅನೇಕ ಉಪಕರಣಗಳಿಗೂ, ರಕ್ತಪರೀಕ್ಷೆಯ ಕಿಟ್ಟು, ರಿಯೇಜೆಂಟುಗಳಿಗೂ ಈ ತೆರಿಗೆಯನ್ನು ನೂರಕ್ಕೆ ೫ಕ್ಕೆ ಇಳಿಸಿದರು. ಚಿಕಿತ್ಸಾಲಯದವರು ಹಳೆಯ ಬಿಲ್ಲನ್ನೂ ಹೊಸ ಬಿಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ತೆರಿಗೆ ಇಳಿದ ವಾರದಲ್ಲಿಯೇ ಮೂಲಬೆಲೆಯು ಏರಿದ್ದರೆ ವರ್ತಕರನ್ನು ಕೇಳಲು ಸಂಕೋಚವೇಕೆ?

ಹಾಗಾದರೆ ವೈದ್ಯನು ತನ್ನ ಶುಲ್ಕವನ್ನು ಏರಿಸಬಹುದಲ್ಲ ಎಂದು ತಾವು ಕೇಳಬಹುದು. ಏರಿಸಬಹುದು. ಮಧುಮೇಹದ ರೋಗಿಗೆ ಮೂರು ತಿಂಗಳಿಗೊಮ್ಮೆ ಮಾಡಿಸುವ ಪರೀಕ್ಷೆಯೊಂದುಂಟು. ಅದರ ದರವನ್ನು ಐವತ್ತು ರೂಪಾಯಿ ಏರಿಸಿದರೆ ಕೂಲಿಯ ಹೆಂಗಸು ಜಗಳವಾಡುವುದಿಲ್ಲ. ಮುಂದಿನ ಸಲ ಬರುವುದಿಲ್ಲ, ಅಷ್ಟೆ. ಎರಡು ವರ್ಷದ ಮೇಲೆ ಬರುತ್ತಾಳೆ, ಕಾಲಿನಲ್ಲಿ ಮಾಯದ ಹುಣ್ಣನ್ನು ಹೊತ್ತುಕೊಂಡು. ಆದುದರಿಂದ ಮೊದಲು ನಮ್ಮ ಮನೆಯ ಸೋರಿಕೆಯನ್ನೇ ಹುಡುಕಬೇಕಾಗಿದೆ.

ನನ್ನದೇ ತಪ್ಪೊಂದನ್ನು ಹೇಳುವೆನು. ಕೆಲವು ವರ್ಷಗಳ ಹಿಂದೆ ಒಬ್ಬ ವರ್ತಕರು ನನಗೆ ರಕ್ತಪರೀಕ್ಷೆಯ ಯಂತ್ರವೊಂದನ್ನು ಅತಿ ಸುಲಭದ ಬೆಲೆಗೆ ಕೊಟ್ಟರು. ಅದಕ್ಕೆ ಅವರ ರಿಯೇಜೆಂಟಲ್ಲದೆ ಬೇರೆಯದು ಹೊಂದುವುದಿಲ್ಲವೆಂಬುದು ಆಮೇಲೆ ತಿಳಿಯಿತು. ಬೆಲೆ ಏರಿದಾಗಲೆಲ್ಲ ಸುಂಕದ ಮೇಲೆ, ಡಾಲರಿನ ಮೇಲೆ ದೂರು. ಕೋಪದಿಂದ ಒಂದು ರಾತ್ರಿ ಲೆಕ್ಕ ಹಾಕಲು ಕುಳಿತೆನು. ಸುಲಭವಾಗಿ ತಿಳಿಯಲೆಂದು ಅಂಕಿಗಳನ್ನು ಸರಿಮಾಡಿ ಹೇಳುತ್ತೇನೆ. ನಾಲ್ಕು ಸಾವಿರ ರೂಪಾಯಿಯ ಸೀಸೆಯಲ್ಲಿ ಇನ್ನೂರು ಪರೀಕ್ಷೆ. ಅಂದರೆ ಕಾಗದದ ಮೇಲೆ ಪರೀಕ್ಷೆಗೆ ಇಪ್ಪತ್ತು ರೂಪಾಯಿ. ಆದರೆ ಮುಚ್ಚಳ ತೆರೆದ ಸೀಸೆಯು ಬಾಳುವುದು ಮೂವತ್ತು ದಿನ. ಆ ತಿಂಗಳಿನ ಇಪ್ಪತ್ತೈದು ಕೆಲಸದ ದಿನಗಳಲ್ಲಿ ದಿನಕ್ಕೆ ಮೂವರಂತೆ ಎಪ್ಪತ್ತೈದು ರೋಗಿಗಳು. ಯಂತ್ರವು ಸರಿಯಾಗಿದೆಯೇ ಎಂದು ನೋಡುವ ಕಂಟ್ರೋಲ್ ಪರೀಕ್ಷೆಗೆ ದಿನಕ್ಕೊಂದರಂತೆ ಇಪ್ಪತ್ತೈದು. ಉಳಿದ ನೂರು ಪರೀಕ್ಷೆಯ ದ್ರವ್ಯವು ಮೋರಿಗೆ. ಒಬ್ಬ ರೋಗಿಗೆ ತಗಲಿದ ನಿಜವಾದ ವೆಚ್ಚ ಐವತ್ತಮೂರು ರೂಪಾಯಿ. ಸುಂಕವು ಕಸಿದುಕೊಂಡುದಕ್ಕಿಂತ ಎಷ್ಟೋ ಹೆಚ್ಚಿನದನ್ನು ನಾನೇ ಚೆಲ್ಲುತ್ತಿದ್ದೆನು!

ಇದಕ್ಕೆ ನಾವು ಕಂಡುಕೊಂಡ ದಾರಿ ದೊಡ್ಡದೇನಲ್ಲ. ಹತ್ತಿರದ ಮೂವರು ವೈದ್ಯರು ಕಲೆತು, ಒಬ್ಬರಲ್ಲಿ ರಕ್ತಕಣಗಳ ಎಣಿಕೆ, ಇನ್ನೊಬ್ಬರಲ್ಲಿ ಸಕ್ಕರೆ, ಕೊಬ್ಬುಗಳ ಪರೀಕ್ಷೆ, ಮತ್ತೊಬ್ಬರಲ್ಲಿ ಇ.ಸಿ.ಜಿ. ಎಂದು ಹಂಚಿಕೊಂಡೆವು. ಸೀಸೆಯು ಅವಧಿಯೊಳಗೆ ಬರಿದಾಗುತ್ತದೆ. ಅವಸರವಿಲ್ಲದ ಪರೀಕ್ಷೆಗಳನ್ನು ಸಂತೆಯ ದಿನಕ್ಕೆ ಗೊತ್ತುಮಾಡಿದುದರಿಂದ ಹಳ್ಳಿಯವರಿಗೆ ಬಸ್ಸಿನ ಖರ್ಚೂ ಉಳಿಯಿತು, ನಮಗೆ ಕಂಟ್ರೋಲಿನ ಖರ್ಚೂ ತಗ್ಗಿತು. ಮೂವರೂ ಒಟ್ಟಾಗಿ ಕೇಳಿದಾಗ ವರ್ತಕರ ಧಾಟಿಯೂ ಬದಲಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಸುಂಕ ಏರುವುದೆಂಬ ಸುದ್ದಿ ಕೇಳಿ ವರ್ಷದ ಸಾಮಾನನ್ನು ಒಮ್ಮೆಗೇ ತುಂಬಿಕೊಳ್ಳುವವರುಂಟು. ಹತ್ತಿ, ಪಟ್ಟಿಬಟ್ಟೆಗಳಿಗೆ ಅದು ಸರಿಯಾದೀತು. ಅವಧಿ ಮುಗಿಯುವ ಪರೀಕ್ಷಾಪಟ್ಟಿಗಳಿಗೂ ತಂಪಿನಲ್ಲಿಡತಕ್ಕ ದ್ರವ್ಯಗಳಿಗೂ ಸಲ್ಲದು. ಕೈಗವಸುಗಳನ್ನು ನಾವು ಅಗತ್ಯವಿಲ್ಲದೆಡೆಯಲ್ಲಿಯೂ ಬಳಸುತ್ತೇವೆ. ರಕ್ತದೊತ್ತಡ ನೋಡಲು, ಜ್ವರ ಅಳೆಯಲು ಅವು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅಲ್ಲಿ ಬೇಕಾದುದು ಕೈ ತೊಳೆಯುವುದು. ಉಕ್ಕಿನ ಚಿಮಟ, ಕತ್ತರಿಗಳನ್ನು ಆಟೋಕ್ಲೇವಿನಲ್ಲಿಟ್ಟು ೧೨೧ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶುದ್ಧಿಮಾಡಿದರೆ ವರ್ಷಗಟ್ಟಲೆ ಬಾಳುತ್ತವೆ. ಆದರೆ ಒಮ್ಮೆ ಚುಚ್ಚಿದ ಸೂಜಿಯನ್ನು, ಪಿಚಕಾರಿಯನ್ನು ಇನ್ನೊಬ್ಬರಿಗೆ ಬಳಸುವ ಯೋಚನೆಯು ಎಂಥ ಕಷ್ಟದಲ್ಲಿಯೂ ಬರಕೂಡದು.

ಈಗ ಯಂತ್ರವನ್ನು ಮಾರಲು ಬಂದವರನ್ನು ನಾನು ಯಂತ್ರದ ಬೆಲೆಯನ್ನು ಕೇಳುವುದಿಲ್ಲ. ಬೇರೆ ತಯಾರಕರ ರಿಯೇಜೆಂಟು ಇದಕ್ಕೆ ಹೊಂದುವುದೇ, ಸಣ್ಣ ಸೀಸೆ ದೊರೆಯುವುದೇ, ಎರಡು ವರ್ಷದವರೆಗಿನ ದರವನ್ನು ಬರೆದುಕೊಡುವಿರಾ ಎಂದು ಕೇಳುತ್ತೇನೆ. ಹೋದ ತಿಂಗಳು ಬಂದವರು, ಮೇಲಿನವರನ್ನು ವಿಚಾರಿಸಿ ಕಾಗದ ಕಳುಹಿಸುವೆನೆಂದು ಹೇಳಿ ಹೋದರು. ಕಾಗದವು ಇನ್ನೂ ಬಂದಿಲ್ಲ. ಪಕ್ಕದ ಬೀದಿಯ ವೈದ್ಯರ ಹಳೆಯ ಯಂತ್ರದಲ್ಲಿಯೇ ನನ್ನ ರೋಗಿಗಳ ಪರೀಕ್ಷೆಯೂ ನಡೆಯುತ್ತಿದೆ.