‘ಪರವಾಗಿಲ್ಲ’ ಎಂಬ ಉತ್ತರ: ಕೀಲುವಾತ ಮತ್ತು ಬದುಕಿನ ಅಳತೆ



ತಾಯಿಯ ಹೆಸರಿನಲ್ಲಿ ದತ್ತಿ ಇಟ್ಟು, ವರ್ಷಕ್ಕೊಮ್ಮೆ ಕರ್ನಾಟಕ–ತಮಿಳುನಾಡು ಗಡಿಯ ಈ ಜೂಜುವಾಡಿಯಲ್ಲಿ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಮಾತು ನಡೆಯಲಿ ಎಂದು ಬಯಸಿದ ಮಕ್ಕಳಿಗೆ ಮೊದಲು ನನ್ನ ನಮಸ್ಕಾರ. ಆ ತಾಯಿ ಕೊನೆಯ ವರ್ಷಗಳಲ್ಲಿ ಕೀಲುವಾತದಿಂದ ಬಳಲಿದರೆಂದು ಕೇಳಿದೆ. ಇಂದಿನ ವಿಷಯ ಅವರದೇ ಕೊಡುಗೆ.

ಮಂಡಿನೋವಿನ ಅಜ್ಜಿಯೊಬ್ಬರನ್ನು “ಹೆಂಗಿದ್ದೀಯವ್ವ?” ಎಂದು ಕೇಳಿ ನೋಡಿ. “ಪರವಾಗಿಲ್ಲಪ್ಪ, ಹೆಂಗೋ ನಡೀತೈತೆ” ಎನ್ನುತ್ತಾರೆ. ಈ ಉತ್ತರವನ್ನು ನಾನೂ ಬಹಳ ವರ್ಷ ನಂಬಿದ್ದೆ. ನನ್ನ ಅಮ್ಮ ಹಾಗೆನ್ನುತ್ತಲೇ ಮುದ್ದೆ ತೊಳಸುವುದನ್ನು ಸೊಸೆಗೆ ಬಿಟ್ಟಿದ್ದರು. ಆಮೇಲೆ ಬಾಗಿಲ ಮುಂದಿನ ರಂಗೋಲಿ ನಿಂತಿತು. ಆಮೇಲೆ ಮದುವೆಮನೆಗೆ ಹೋಗುವುದೂ ನಿಂತಿತು. ಛತ್ರದ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂತರೆ ಏಳಲಾಗದು ಎಂಬ ಭಯ. ಇದ್ಯಾವುದೂ ಅವರ ಔಷಧಿ ಚೀಟಿಯಲ್ಲಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಅಳತೆಗಳಿಗೆ ಬರವಿಲ್ಲ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು ಉರಿಯೂತವನ್ನು ತೋರಿಸುತ್ತವೆ, ಎಕ್ಸ್‌ರೇ ಸವೆತವನ್ನು ತೋರಿಸುತ್ತದೆ. ಆದರೆ ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಮನುಷ್ಯ ಅನುಭವಿಸುವ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಉರಿಯೂತದ ಬಗೆಯಾದ ರುಮಟಾಯ್ಡ್ ಕೀಲುವಾತದಲ್ಲಿ ವೈದ್ಯರು ಬಳಸುವ ಡಿಎಎಸ್-28 ಎಂಬ ಅಳತೆ ಇದೆ. ಅದು ಭುಜ, ಮೊಣಕೈ, ಮಣಿಕಟ್ಟು, ಬೆರಳು, ಮೊಣಕಾಲು ಸೇರಿ 28 ಕೀಲುಗಳನ್ನು ಮುಟ್ಟಿ ಎಣಿಸುತ್ತದೆ. ಹಿಮ್ಮಡಿಯ ಗಂಟು, ಪಾದ ಆ ಎಣಿಕೆಯಲ್ಲಿಲ್ಲ. ಹೊಸೂರಿನ ಸುತ್ತ ಗುಲಾಬಿ ತೋಟದಲ್ಲಿ ಬೆಳಗಿನಿಂದ ನಿಂತು ಹೂ ಕೊಯ್ಯುವ ಹೆಂಗಸಿನ ದಿನವೆಲ್ಲ ಆ ಪಾದದ ಮೇಲೆಯೇ ನಿಂತಿದೆ.

ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1948ರಿಂದಲೇ ಹೇಳುತ್ತಿದೆ. ಆ ಮಾತನ್ನು ಅಳತೆಗೆ ಇಳಿಸಲು ಮೂರು ದಶಕ ಹಿಡಿಯಿತು. 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು ಎಚ್‌ಎಕ್ಯೂ ಎಂಬ ಪ್ರಶ್ನಾವಳಿ ಪ್ರಕಟಿಸಿದರು. ಎಂಟು ಗುಂಪು, ದಿನನಿತ್ಯದ ಇಪ್ಪತ್ತು ಕೆಲಸ. ಕಷ್ಟವಿಲ್ಲದೆ ಆದರೆ 0, ಸ್ವಲ್ಪ ಕಷ್ಟವಾದರೆ 1, ತುಂಬಾ ಕಷ್ಟವಾದರೆ 2, ಆಗುವುದೇ ಇಲ್ಲವೆಂದರೆ 3. ಮಂಡಿ, ಸೊಂಟದ ಕೀಲಿನ ಸವೆತಕ್ಕೆ ಕೆನಡಾದಿಂದ 24 ಪ್ರಶ್ನೆಗಳ ವೊಮ್ಯಾಕ್ ಬಂತು. ಯಾವ ಕಾಯಿಲೆಗಾದರೂ ಹೊಂದುವ, ಮನಸ್ಸಿನ ಸ್ಥಿತಿಯನ್ನೂ ಕೇಳುವ 36 ಪ್ರಶ್ನೆಗಳ ಎಸ್‌ಎಫ್-36 ಕೂಡ ಬಂತು. ರೋಗಿಯ ಮಾತು ಅಂಕಿಯಾಗಿ ವೈದ್ಯರ ಮೇಜಿಗೆ ಬಂದದ್ದು ಹೀಗೆ. ಇದು ದೊಡ್ಡ ಹೆಜ್ಜೆ.

ಆದರೆ ಪ್ರಶ್ನೆಗಳು ಯಾರ ಮನೆಯವು? ಸ್ಟ್ಯಾನ್‌ಫರ್ಡ್ ಪಟ್ಟಿ ಮಾಂಸ ಕತ್ತರಿಸಬಲ್ಲಿರಾ, ಸ್ನಾನದ ತೊಟ್ಟಿಯಲ್ಲಿ ಮೀಯಬಲ್ಲಿರಾ ಎಂದು ಕೇಳುತ್ತದೆ. ಎಸ್‌ಎಫ್-36ರ ಮೂಲದಲ್ಲಿ ಗಾಲ್ಫ್ ಆಟವೂ ಇದೆ. ಇವನ್ನು ಶುದ್ಧ ಕನ್ನಡಕ್ಕೆ ತಂದರೂ ಜೂಜುವಾಡಿಯ ಅಜ್ಜಿ “ನಮಗ್ಯಾಕಪ್ಪ ಅದು” ಎಂದು ನಕ್ಕುಬಿಡುತ್ತಾರೆ.

ಈ ತೊಡಕನ್ನು ನಮ್ಮ ದೇಶದ ವೈದ್ಯರು ಬಿಡಿಸಿದ್ದಾರೆ. ಎ. ಎನ್. ಮಾಳವೀಯ ಮತ್ತು ಸಹೋದ್ಯೋಗಿಗಳು ಎಚ್‌ಎಕ್ಯೂವಿನ ಭಾರತೀಯ ರೂಪವನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಅದರಲ್ಲಿ ಹನ್ನೆರಡೇ ಪ್ರಶ್ನೆ. ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ ಅಥವಾ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಬಲ್ಲಿರಾ? ನಲ್ಲಿ ತಿರುಗಿಸಬಲ್ಲಿರಾ? ತುಂಬಿದ ಲೋಟ ಬಾಯಿಗೆತ್ತಬಲ್ಲಿರಾ? ಆಟೊ ಹತ್ತಿ ಇಳಿಯಬಲ್ಲಿರಾ? ತರಕಾರಿ ಸಂತೆ ಮಾಡಬಲ್ಲಿರಾ? ಮೂರು ಕಿಲೋಮೀಟರು ನಡೆಯಬಲ್ಲಿರಾ? ಲೆಕ್ಕ ಸುಲಭ. ಹನ್ನೆರಡು ಉತ್ತರಗಳ ಮೊತ್ತ 18 ಬಂದರೆ ಸರಾಸರಿ 1.5. ಮದ್ದು, ವ್ಯಾಯಾಮ ನಡೆದು ಆರು ತಿಂಗಳಲ್ಲಿ ಮೊತ್ತ 12ಕ್ಕಿಳಿದರೆ 1. ಆ ಅರ್ಧ ಅಂಕಿಯೊಳಗೆ ಒಬ್ಬಾಕೆ ಮತ್ತೆ ತಾನೇ ತಲೆ ಬಾಚಿಕೊಂಡು ಸೀರೆ ಉಟ್ಟುಕೊಂಡದ್ದು ಇರಬಹುದು.

ಗಡಿಯವರಿಗೆ ಇನ್ನೊಂದು ತೊಡಕಿದೆ. ಇಲ್ಲಿಯವರು ಹೊಸೂರಿನ ಆಸ್ಪತ್ರೆಗೆ ಹೋದರೆ ತಮಿಳು, ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋದರೆ ಕನ್ನಡ ಇಲ್ಲವೆ ಇಂಗ್ಲಿಷ್. ಮನೆಯಲ್ಲಿ ಕನ್ನಡವೋ ತೆಲುಗೋ. ಒಂದೇ ಪ್ರಶ್ನೆ ಎರಡು ಭಾಷೆಯಲ್ಲಿ ಒಂದೇ ತೂಕದಲ್ಲಿ ಕೂರದಿದ್ದರೆ ಎರಡು ಅಂಕಿಗಳನ್ನು ಹೋಲಿಸುವಂತಿಲ್ಲ. ಅದಕ್ಕೇ ಅನುವಾದ ಮಾಡಿಸಿ, ಮೂಲ ನೋಡದ ಬೇರೊಬ್ಬರಿಂದ ಮತ್ತೆ ಹಿಂದಕ್ಕೆ ಅನುವಾದಿಸಿ, ಕಡೆಗೆ ರೋಗಿಗಳ ಮುಂದೆ ಓದಿ “ಇದರಿಂದ ನಿಮಗೇನು ಅರ್ಥವಾಯಿತು” ಎಂದು ಕೇಳುವ ಪದ್ಧತಿ ಇದೆ. ಎಸ್‌ಎಫ್-36ರಲ್ಲಿ ‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ’ ಎಂಬ ಮೊದಲ ಪ್ರಶ್ನೆಗೆ ಐದು ಮೆಟ್ಟಿಲ ಉತ್ತರ. ಕೆಳಗಿನಿಂದ ಎರಡನೆಯದಕ್ಕೆ ನಮ್ಮಲ್ಲಿ ಸಲೀಸಾಗಿ ಬರುವ ಪದ ‘ಪರವಾಗಿಲ್ಲ’. ಅದು ಆರೋಗ್ಯದ ವರದಿಯೋ, ಎದುರಿನವರಿಗೆ ಹೇಳುವ ಸಮಾಧಾನವೋ? ನೋವಿನ ಪದಗಳೂ ಹಾಗೆಯೇ. ಸೆಳೆತ, ಚಳುಕು, ಜೋಮು, ಹಿಡಿತ ಬೇರೆಬೇರೆ. ಎಲ್ಲವನ್ನೂ ‘ನೋವು’ ಎಂದು ಬರೆದುಕೊಂಡರೆ ಬೆಳಗಿನ ಬಿಗಿತದಂಥ ಸುಳಿವು ಕೈತಪ್ಪಿಹೋಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನುಷ್ಯ ಹೊಂದಿಕೊಳ್ಳುತ್ತಾನೆ. ಮೆಟ್ಟಿಲು ಹತ್ತುವುದನ್ನೇ ಬಿಟ್ಟವರಿಗೆ ಮೆಟ್ಟಿಲ ಕಷ್ಟ ನೆನಪಿರುವುದಿಲ್ಲ. ಅಂಕಿ ಸುಧಾರಿಸಿದಂತೆ ಕಂಡರೂ ಬದುಕು ಕುಗ್ಗಿರಬಹುದು. ಸಿಪ್‌ಕಾಟ್‌ನ ಕೈಗಾರಿಕಾ ವಸಾಹತಿನ ಕಾರ್ಖಾನೆಯಲ್ಲಿ ದುಡಿಯುವವನು ಶಿಫ್ಟ್ ತಪ್ಪೀತೆಂದು ಬೆರಳಿನ ನೋವು ಮುಚ್ಚಿಡಬಹುದು. ಅತ್ತೆಯ ಪರವಾಗಿ ಸೊಸೆ ಉತ್ತರ ಕೊಟ್ಟರೆ ಅದು ಸೊಸೆಯ ಉತ್ತರ. ಹಾಗಾಗಿ ಭಾರತೀಯ ರೂಪದ ಹನ್ನೆರಡು ಪ್ರಶ್ನೆಗಳ ಜೊತೆಗೆ ಹದಿಮೂರನೆಯದೊಂದು ಇರಲಿ ಎಂಬುದು ನನ್ನ ಸಲಹೆ: “ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಬಿಟ್ಟಿದ್ದೀರಿ?”

ಈ ಪ್ರಶ್ನಾವಳಿಗೆ ಯಂತ್ರ ಬೇಡ, ಖರ್ಚಿಲ್ಲ. ಒಂದು ಹಾಳೆ, ಐದಾರು ನಿಮಿಷ, ರೋಗಿಯ ಮನೆಮಾತು ಬಲ್ಲ ಒಬ್ಬ ನರ್ಸು ಸಾಕು. ಗಡಿಯ ಎರಡೂ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂರು ತಿಂಗಳಿಗೊಮ್ಮೆ ಇದು ನಡೆಯಲಿ, ಚೀಟಿಯ ಮೇಲೆ ಇಎಸ್‌ಆರ್ ಪಕ್ಕದಲ್ಲೇ ಆ ಅಂಕಿಯೂ ಬರಲಿ. ಅಲ್ಲಿಯವರೆಗೆ ನೀವು ಇಂದು ಸಂಜೆ ಮನೆಗೆ ಹೋದಮೇಲೆ ಅಮ್ಮನನ್ನು “ಹೆಂಗಿದ್ದೀಯ” ಎಂದು ಕೇಳಬೇಡಿ. “ನಲ್ಲಿ ತಿರುಗಿಸೋಕೆ ಆಗ್ತೈತಾ?” ಎಂದು ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲೇ ಕೂತಿರಿ.