ಕಿರಿಚುವ ಮಗುವಿನ ಮನೆಮಾತು



ಪ್ರವೇಶೋತ್ಸವದ ಬಲೂನು, ಸಿಹಿತಿಂಡಿಗಳ ಸಂಭ್ರಮ ಮುಗಿದ ಮರುದಿನ ಒಂದನೆಯ ತರಗತಿಯಲ್ಲಿ ಕೇಳಿಬರುವ ಸದ್ದು ನಿಮಗೆಲ್ಲ ಪರಿಚಿತವಾದುದೇ. ಹೊರಗೆ ಮಳೆ, ಒಳಗೆ ಅಳು. ಆ ಅಳು ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನಾನಿಂದು ಹೇಳಬಯಸುವುದು ಇಳಿಯದೆ ಉಳಿಯುವ ಕಿರಿಚಾಟದ ಕುರಿತು.

ವೃತ್ತಿಯ ಆರಂಭದ ವರ್ಷಗಳಲ್ಲಿ ನನ್ನ ತರಗತಿಗೆ ಅಂತಹ ಹುಡುಗನೊಬ್ಬ ಬಂದಿದ್ದ. ಇದ್ದಕ್ಕಿದ್ದಂತೆ ಕಿವಿ ಮುಚ್ಚಿಕೊಂಡು ಕಿರಿಚಿ, ಬೆಂಚಿನ ಕೆಳಗೆ ನುಸುಳುತ್ತಿದ್ದ. ನಾನು ಮೇಜು ಬಡಿದು ‘ಸುಮ್ಮನಿರು’ ಎಂದು ಅವನಿಗಿಂತ ಗಟ್ಟಿಯಾಗಿ ಕೂಗುತ್ತಿದ್ದೆ. ಕೊನೆಗೆ ಅವನ ತಾಯಿಯನ್ನು ಕರೆಸಿ, ಈ ವರ್ಷ ಮನೆಯಲ್ಲೇ ಇರಲಿ ಎಂದುಬಿಟ್ಟೆ. ಆಕೆ ಮರುಮಾತಾಡದೆ ಚೀಲವನ್ನು ಹೆಗಲಿಗೇರಿಸಿಕೊಂಡರು. ಒಂದೊಂದು ಮಗುವನ್ನೂ ಎಣಿಸಿ ಕನ್ನಡ ಡಿವಿಜನ್ ಉಳಿಸಿಕೊಳ್ಳಬೇಕಾದ ಈ ನೆಲದಲ್ಲಿ ನಾನಾಡಿದ ಮಾತು ಅದು!

ಅಂದು ಜಗಲಿಯಲ್ಲಿದ್ದ ಅಡುಗೆಯ ಅಕ್ಕ ಹುಡುಗನ ಪಕ್ಕದಲ್ಲಿ ಕುಳಿತು ತುಳುವಿನಲ್ಲಿ ಮೆಲ್ಲನೆ ಕೇಳಿದರು: “ದಾದ ಮಗಾ, ಪೋಡಿಗೆ ಆಂಡಾ?” ಹೆದರಿಕೆಯಾಯಿತೇ ಎಂಬುದಷ್ಟೇ ಪ್ರಶ್ನೆ. ಹುಡುಗ ತಲೆಯಾಡಿಸಿ, ಕಿಟಕಿಯ ಹೊರಗೆ ತೂಗುಹಾಕಿದ್ದ ಗಂಟೆಯತ್ತ ಬೆರಳು ತೋರಿಸಿದ. ಅವನ ಬೆಂಚು ಅದೇ ಕಿಟಕಿಗೆ ತಾಗಿಕೊಂಡಿತ್ತು. ಬೆಂಚನ್ನು ಆಚೆ ಬದಿಗೆ ಸರಿಸಿದೆವು. ಗಂಟೆಯಾಗುವ ಮುನ್ನ ಅವನಿಗೆ ಸನ್ನೆ ಮಾಡಲಾರಂಭಿಸಿದೆ. ಕಿರಿಚಾಟ ಒಮ್ಮೆಲೇ ನಿಲ್ಲಲಿಲ್ಲ. ಆದರೆ ಓಣಂ ರಜೆಯ ಹೊತ್ತಿಗೆ ಅವನು ‘ಟೀಚರ್, ಪೋಡಿಗೆ’ ಎಂದು ಹೇಳಬಲ್ಲವನಾಗಿದ್ದ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ನಮಗದು ಬಲುದೊಡ್ಡ ಆಸರೆ. ಆದರೆ ನಮ್ಮ ಮುಂದೆ ಕುಳಿತ ಮಗುವಿನ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ, ಹವ್ಯಕ ಕನ್ನಡ ಯಾವುದೂ ಇರಬಹುದು. ಹೂವು, ಹಣ್ಣುಗಳಿಗೆ ಕನ್ನಡದ ಪದವನ್ನು ನಾವು ಮೊದಲ ವಾರದಲ್ಲೇ ಕಲಿಸುತ್ತೇವೆ. ಹೆದರಿಕೆಗೆ, ಸಿಟ್ಟಿಗೆ ಕಲಿಸುವುದಿಲ್ಲ. ಪದವಿಲ್ಲದ ಮಗು ಕಿರಿಚದೆ ಇನ್ನೇನು ಮಾಡೀತು?

ಭಾವನೆಗೆ ಹೆಸರು ಕೊಟ್ಟಾಗ ಅದರ ಕಾವು ತಗ್ಗುತ್ತದೆಂಬುದಕ್ಕೆ ಆಧಾರವಿದೆ. ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರದ ಮುಖದಲ್ಲಿರುವ ಭಾವವನ್ನು ಪದದಿಂದ ಗುರುತಿಸಿದಾಗ ಮಿದುಳಿನ ಅಮಿಗ್ಡಲ ಭಾಗದ ಚಟುವಟಿಕೆ ಕಡಿಮೆಯಾದುದು ಕಂಡುಬಂತು. ಅವರು ಪರೀಕ್ಷಿಸಿದ್ದು ವಯಸ್ಕರನ್ನು. ಆದರೂ ಅಡುಗೆಯ ಅಕ್ಕನ ಪ್ರಶ್ನೆ ನನಗೆ ಅರ್ಥವಾದುದು ಅದನ್ನು ಓದಿದ ಮೇಲೆ.

ಕಿರಿಚುತ್ತಿರುವಾಗ ಬುದ್ಧಿಮಾತು ಬೇಡ. ಆಗ ಅದು ಕಿವಿಯೊಳಗೆ ಇಳಿಯುವುದಿಲ್ಲ. ನಿಮ್ಮ ಸ್ವರವನ್ನು ತಗ್ಗಿಸಿರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿರಿ, ಅದರ ಮನೆಮಾತಿನ ಒಂದೇ ಒಂದು ಪದವನ್ನು ಕೇಳಿ ಕಾಯಿರಿ. ಇನ್ನೊಂದು ಮಗುವಿಗೆ ಹೊಡೆಯಲು ಹೊರಟರೆ ಕೈಯನ್ನು ಮೃದುವಾಗಿ ಹಿಡಿದುಕೊಳ್ಳಿರಿ; ಬೆತ್ತವನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ನಿಷೇಧಿಸಿದೆ, ಮಾನಸಿಕ ಕಿರುಕುಳವನ್ನೂ. ಶಾಂತವಾದ ಮೇಲೆ ಅದೇ ಪದದ ಪಕ್ಕದಲ್ಲಿ ಕನ್ನಡದ ಪದವನ್ನಿರಿಸಿರಿ: ಪೋಡಿಗೆ, ಹೆದರಿಕೆ. ಉಸಿರಿನ ಅಭ್ಯಾಸವನ್ನು ನಗುವ ಹೊತ್ತಿನಲ್ಲೇ ಮಾಡಿಸಿರಿ. ತೆಂಗಿನ ಓಲೆಯ ಗಾಳಿಚಕ್ರವನ್ನು ಮೆಲ್ಲನೆ, ದೀರ್ಘವಾಗಿ ಊದಿ ತಿರುಗಿಸುವ ಆಟ ಸಾಕು.

ಕಿರಿಚಿದ ಸಮಯವನ್ನು ಒಂದು ಪುಸ್ತಕದಲ್ಲಿ ಗುರುತಿಸಿಡಿರಿ. ಫ್ಲಾರೆನ್ಸ್ ಗುಡಿನಫ್ 1931ರಷ್ಟು ಹಿಂದೆಯೇ ಮಕ್ಕಳ ಸಿಟ್ಟಿನ ದಿನಚರಿಯನ್ನು ತಾಯಂದಿರಿಂದ ಬರೆಯಿಸಿ, ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಅದು ಹೆಚ್ಚುವುದನ್ನು ತೋರಿಸಿದ್ದರು. ನಾನು ಹಾಗೆ ಬರೆದಿಟ್ಟಿದ್ದರೆ ಗಂಟೆಯ ವಿಷಯ ಮೂರನೆಯ ದಿನವೇ ತಿಳಿಯುತ್ತಿತ್ತು. ಇಷ್ಟಾದರೂ ಕಡಿಮೆಯಾಗದಿದ್ದರೆ ಬಿ.ಆರ್.ಸಿ.ಯ ವಿಶೇಷ ಶಿಕ್ಷಕರಿಗೆ ತಿಳಿಸಿರಿ. ಕಿವಿಯ ತಪಾಸಣೆಯನ್ನೂ ಮಾಡಿಸಿರಿ.

ನಾಳೆ ಬರುವಾಗ ನಿಮ್ಮ ತರಗತಿಯ ಮಕ್ಕಳ ಮನೆಮಾತುಗಳಲ್ಲಿ ಹೆದರಿಕೆ, ಸಿಟ್ಟು, ಹಸಿವು, ಬೇಸರಗಳಿಗೆ ಏನೆನ್ನುತ್ತಾರೆಂದು ಬರೆದು ತನ್ನಿರಿ. ತಿಳಿಯದಿದ್ದರೆ ಅಡುಗೆಯವರನ್ನು ಕೇಳಿರಿ.